ಮೆಟ್ಟಿಲು ಎಣಿಸುವ ಬಂಗಾರಮ್ಮನ ಬ್ಲಾಗು

ಬೆಳಿಗ್ಗೆ ಐದು ಮುಕ್ಕಾಲು. ಭದ್ರಾವತಿಯಲ್ಲಿ ಹೊಳೆಯ ಮೇಲೆ ಬೆಳಕು ಇನ್ನೂ ಸರಿಯಾಗಿ ಬಿದ್ದಿಲ್ಲ. ತಲೆಯ ಮೇಲಿದ್ದ ಬಟ್ಟೆಗಂಟನ್ನು ಕಟ್ಟೆಗೆ ಇಳಿಸಿದ ಬಂಗಾರಮ್ಮ ಸೆರಗು ಸಿಕ್ಕಿಸಿಕೊಂಡು, ಬಿದಿರು ಕೋಲು ಹಿಡಿದು ಮೆಟ್ಟಿಲಿಳಿಯುತ್ತಾರೆ. ಕೋಲು ಒಂದೊಂದು ಕಲ್ಲಿಗೂ ಟಕ್ಕೆನ್ನುತ್ತದೆ. ಒಂದು, ಎರಡು, ಮೂರು. ಏಳಕ್ಕೆ ನಿಲ್ಲುತ್ತಾರೆ. ಎಂಟನೆಯ ಮೆಟ್ಟಿಲು ಕೆಂಪು ನೀರಿನಡಿ ಹೋಗಿದೆ. ನಿನ್ನೆ ಸಂಜೆ ಕೊನೆಯ ಸೀರೆ ಹಿಂಡಿಕೊಂಡು ಮನೆಗೆ ಹೊರಟಾಗ ಒಂಬತ್ತು ಮೆಟ್ಟಿಲು ಒಣಗಿದ್ದವು.

ಇಟ್ಟಿಗೆ ಚೂರಿನಿಂದ ನೀರಿನ ಅಂಚಿಗೆ ಸರಿಯಾಗಿ ಒಂದು ಗೆರೆ ಎಳೆದು, ಒಂದು ಮೆಟ್ಟಿಲು ಮೇಲೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಹತ್ತು ನಿಮಿಷ ಹಾಗೇ ಕೂರಬೇಕು. ಆ ಹೊತ್ತಿನಲ್ಲಿ ಯಾರು ಕರೆದರೂ ತಿರುಗಿ ನೋಡುವುದಿಲ್ಲ. ಮರದ ಕೊಂಬೆಯೊಂದು ತೇಲಿಕೊಂಡು ಹೋಗುತ್ತದೆ, ಅದರ ಹಿಂದೆ ಯಾರದೋ ಪ್ಲಾಸ್ಟಿಕ್ ಬಿಂದಿಗೆ. ಗೆರೆಯ ಕೆಳಗಿನ ಅರ್ಧ ಅಳಿಸುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಪೂರ್ತಿ ಗೆರೆಯೇ ಕಾಣುವುದಿಲ್ಲ.

ಸೊಂಟದ ಚೀಲದಿಂದ ಫೋನು ಹೊರಬರುತ್ತದೆ. ಸೀರೆಯ ಒಣ ಭಾಗಕ್ಕೆ ಬೆರಳೊರೆಸಿ, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾರೆ: ‘ಇವತ್ತು ಗುರುವಾರ. ಬೆಳಿಗ್ಗೆ ಆರು ಗಂಟೆ. ಒಣ ಮೆಟ್ಟಿಲು ಏಳು. ನೀರು ಏರುತ್ತಿದೆ.’ ಎರಡು ಸಲ ಓದಿ, ಮತ್ತೊಮ್ಮೆ ನೀರನ್ನು ನೋಡಿ, ಬ್ಲಾಗಿಗೆ ಹಾಕುತ್ತಾರೆ. ಅದಾದ ಮೇಲೇ ಮೊದಲ ಬಟ್ಟೆ ನೀರಿಗೆ ಇಳಿಯುವುದು.

‘ಹೊಳೆ ಇವತ್ತು’ ಎಂಬುದು ಆ ಬ್ಲಾಗಿನ ಹೆಸರು. ಅದರಲ್ಲಿ ಕವನವಿಲ್ಲ, ಅಡುಗೆಯಿಲ್ಲ, ಪ್ರವಾಸದ ಫೋಟೊ ಇಲ್ಲ. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟ, ಐವತ್ತೊಂದು ವರ್ಷದ ಅಗಸಗಿತ್ತಿಯೊಬ್ಬರು ದಿನಾ ಬೆಳಿಗ್ಗೆ ಎಣಿಸಿದ ಮೆಟ್ಟಿಲುಗಳ ಲೆಕ್ಕವಷ್ಟೇ ಇದೆ. ಈ ಮೆಟ್ಟಿಲುಗಳು ಒಟ್ಟು ಇಪ್ಪತ್ತೆರಡು. ಬೇಸಿಗೆಯಲ್ಲಿ ಎಲ್ಲವೂ ಒಣಗಿರುತ್ತವೆ. ಮಳೆಗಾಲದಲ್ಲಿ ಒಂದೊಂದೇ ಮುಳುಗುತ್ತ ಬರುತ್ತವೆ. ಮೇಲಿನ ನಾಲ್ಕು ಮಾತ್ರ ಉಳಿದಾಗ, ಹೊಳೆದಂಡೆಯ ತಗ್ಗಿನ ಸಾಲಿನಲ್ಲಿರುವ ಮೂವತ್ತೊಂದು ಮನೆಗಳ ಹೊಸ್ತಿಲಿಗೆ ನೀರು ಬರುತ್ತದೆ. ಇದನ್ನು ಬಂಗಾರಮ್ಮ ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಹದಿನಾರನೆಯ ವಯಸ್ಸಿನಲ್ಲಿ ಮದುವೆಯಾಗಿ ಬಂದಾಗಿನಿಂದ ಇದೇ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದಾರೆ.

ದಿನಕ್ಕೆ ಅರವತ್ತು, ಎಪ್ಪತ್ತು ಬಟ್ಟೆ. ನ್ಯೂ ಟೌನಿನ ಹನ್ನೊಂದು ಮನೆ, ಒಂದು ಹೋಟೆಲು. ಗಂಡ ಗೋವಿಂದಯ್ಯ ಇಸ್ತ್ರಿ ಗಾಡಿ ನೂಕುತ್ತಾರೆ. ಹೆಂಡತಿಯ ಬ್ಲಾಗಿನ ಬಗ್ಗೆ ಕೇಳಿದರೆ, “ನಂಗೆ ಅದೆಲ್ಲ ತಿಳಿಯಲ್ಲ ಸ್ವಾಮಿ. ಬೆಳಿಗ್ಗೆ ಅವಳ ಮುಖ ನೋಡಿದ್ರೆ ಸಾಕು, ಹೊಳೆ ಎಷ್ಟಿದೆ ಅಂತ ಗೊತ್ತಾಗ್ತದೆ” ಎಂದು ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಾರೆ.

ಎರಡು ವರ್ಷದ ಹಿಂದೆ ಬ್ಲಾಗು ಇರಲಿಲ್ಲ. ತಗ್ಗಿನ ಸಾಲಿನವರದೊಂದು ವಾಟ್ಸಾಪ್ ಗ್ರೂಪ್ ಇತ್ತು. ಬಂಗಾರಮ್ಮ ದಿನಾ ಅದರಲ್ಲಿ ಬಾಯಿಮಾತನ್ನೇ ರೆಕಾರ್ಡ್ ಮಾಡಿ ಸುದ್ದಿ ಹಾಕುತ್ತಿದ್ದರು. ಆ ವರ್ಷ ಆಗಸ್ಟಿನಲ್ಲಿ ಹೊಳೆ ತುಂಬಿ, ಸಾಲಿನವರೆಲ್ಲ ಮನೆ ಬಿಟ್ಟು ನೆಂಟರಿಷ್ಟರ ಮನೆ ಸೇರಿದ್ದರು. ಒಂದು ಸಂಜೆ ನೀರು ತಗ್ಗಿತು. “ನೀರು ಇಳೀತಿದೆ, ಭಯ ಬೇಡ” ಎಂದು ಬಂಗಾರಮ್ಮ ಹೇಳಿ ಕಳಿಸಿದರು. ಅದು ನಿಜವೇ ಆಗಿತ್ತು. ಬೆಳಗಾಗುವಷ್ಟರಲ್ಲಿ ಮೇಲಿನಿಂದ ಮತ್ತೆ ನೀರು ಬಂತು. ಮಧ್ಯಾಹ್ನ ಯಾರೋ ಪುಣ್ಯಾತ್ಮರು ನಿನ್ನೆಯ ಅದೇ ದನಿಯನ್ನು ಇನ್ನೊಂದು ಗ್ರೂಪಿಗೆ ತಳ್ಳಿದರು. ಅಲ್ಲಿಂದ ಅದು ದರ್ಜಿ ಭೂತಪ್ಪನವರ ಫೋನಿಗೆ ಹೋಯಿತು.

ಭೂತಪ್ಪನವರಿಗೆ ಆಗ ಅರವತ್ತೆಂಟು. ಮಗಳ ಮನೆಯಲ್ಲಿದ್ದವರು ಆ ದನಿ ಕೇಳಿ, ಹೊಲಿಗೆ ಮಿಷನ್ನು ತರಲೆಂದು ಒಬ್ಬರೇ ಬಂದರು. ಮನೆಯೊಳಗೆ ಹೋದಾಗ ನೀರು ಮೊಣಕಾಲಿಗಿತ್ತು. ಮಿಷನ್ನಿನ ತಲೆ ಬಿಚ್ಚುವಷ್ಟರಲ್ಲಿ ಸೊಂಟಕ್ಕೆ ಬಂತು. ಬಾಗಿಲು ನೀರಿನ ಒತ್ತಡಕ್ಕೆ ಮುಚ್ಚಿಕೊಂಡಿತು. ಮೀನು ಹಿಡಿಯುವ ಹೂವಪ್ಪ ತೆಪ್ಪ ತಂದು, ಹಂಚು ತೆಗೆದು, ಹಗ್ಗ ಬಿಟ್ಟು ಅವರನ್ನು ಮೇಲೆಳೆದಾಗ ನೀರು ಎದೆ ದಾಟಿತ್ತು. ಜೀವ ಉಳಿಯಿತು, ಎಡಗಾಲು ಮುರಿಯಿತು.

ಆಸ್ಪತ್ರೆಗೆ ನೋಡಲು ಹೋದ ಬಂಗಾರಮ್ಮನಿಗೆ ಭೂತಪ್ಪ ಬೈಯಲಿಲ್ಲ. “ನಿನ್ನ ದನಿ ಕೇಳಿ ಬಂದೆ ಬಂಗಾರವ್ವಾ” ಎಂದರು, ಅಷ್ಟೇ.

“ಬೈದಿದ್ರೆ ಚೆನ್ನಾಗಿತ್ತು” ಎನ್ನುತ್ತಾರೆ ಬಂಗಾರಮ್ಮ. “ನಾನು ಹೇಳಿದ್ದು ಸುಳ್ಳಲ್ಲ. ಹಳಸಿದ್ದು. ನಿನ್ನೆ ಮಾಡಿದ ಅನ್ನಾನೂ ಅನ್ನಾನೇ, ಆದ್ರೆ ಇವತ್ತು ಉಂಡ್ರೆ ವಾಂತಿ ಆಗ್ತದೆ. ಹಂಗೇ ಇದು. ಗ್ರೂಪಲ್ಲಿ ಹಾಕಿದ ಮಾತಿಗೆ ಕಾಲು ಬರುತ್ತೆ. ಎಲ್ಲಿಗೋ ಹೋಗುತ್ತೆ, ಯಾವತ್ತೋ ಹೋಗುತ್ತೆ. ನಂಗೆ ಒಂದೇ ಕಡೆ ಕೂತಿರೋ ಮಾತು ಬೇಕಿತ್ತು. ಬೇಕಾದವ್ರು ಅಲ್ಲಿಗೇ ಬಂದು ನೋಡ್ಬೇಕು.”

ಮುಂದಿನ ಬೇಸಿಗೆಯಲ್ಲಿ ಅವರು ಶಿವಮೊಗ್ಗದ ಬಸ್ಸು ಹತ್ತಿದರು. ಅಲ್ಲಿನ ಆಲ್ಕೊಳದಲ್ಲಿ ಸತೀಶ್ ಎಂಬವರದೊಂದು ಟೈಪಿಂಗ್, ಝೆರಾಕ್ಸ್ ಅಂಗಡಿಯಿದೆ. ಮದುವೆ ಕಾಗದದಿಂದ ಹಿಡಿದು ಅಂಗಡಿಗಳ ವೆಬ್‌ಸೈಟಿನವರೆಗೆ ಎಲ್ಲ ಮಾಡಿಕೊಡುತ್ತಾರೆ. ನ್ಯೂ ಟೌನಿನಲ್ಲಿರುವ ಅವರ ತಾಯಿಯ ಮನೆಯ ಬಟ್ಟೆ ಬಂಗಾರಮ್ಮನ ಕೈಗೇ ಬರುವುದು. ಆ ಪರಿಚಯದ ಮೇಲೆ ಹೋಗಿ, ತಮಗೊಂದು “ಇಂಟರ್‌ನೆಟ್ ಬೋರ್ಡು” ಬೇಕು ಎಂದರು. ಅದಕ್ಕೆ ಬ್ಲಾಗು ಎನ್ನುತ್ತಾರೆಂದು ಸತೀಶ್ ಹೇಳಿದರು. ಹೋಗುವಾಗ ಬಂಗಾರಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ವಸ್ತು ತಂದಿದ್ದರು. ಭೂತಪ್ಪನವರ ಹಳೆಯ ಫೋನು. ಗಾಜು ಒಡೆದಿತ್ತು, ಬೆನ್ನಿಗೆ ರಬ್ಬರ್ ಬ್ಯಾಂಡ್ ಹಾಕಿತ್ತು.

ಸತೀಶ್ ಮೊದಲು ತೋರಿಸಿದ್ದು ಬಹಳ ಚಂದದ ಬ್ಲಾಗು. ತೆರೆದ ಕೂಡಲೇ ಜಲಪಾತ ಬೀಳುತ್ತಿತ್ತು, ಅಕ್ಷರ ತೇಲಿ ಬರುತ್ತಿತ್ತು. ಬಂಗಾರಮ್ಮ ಕವರು ಬಿಚ್ಚಿ ಭೂತಪ್ಪನವರ ಫೋನನ್ನು ಮೇಜಿನ ಮೇಲಿಟ್ಟರು. “ಇದ್ರಲ್ಲಿ ತೆಗೀರಿ ನೋಡೋಣ.” ನಲವತ್ತು ಸೆಕೆಂಡಾದರೂ ಜಲಪಾತದ ಅರ್ಧ ಮಾತ್ರ ಬಂದಿತ್ತು.

“ಫೋನ್ ಹಳೇದು ಬಂಗಾರಕ್ಕ” ಎಂದರು ಸತೀಶ್.

“ಮನೆ ಮುಳುಗೋದೂ ಹಳೇ ಫೋನ್ ಇರೋರದ್ದೇ ಸತೀಶಣ್ಣ” ಎಂದರು ಬಂಗಾರಮ್ಮ.

ಎರಡನೆಯದು ಬೇಗ ತೆರೆಯಿತು. ಆದರೆ ಓದುವ ಮೊದಲು ಆ್ಯಪ್ ಹಾಕಿಕೊಳ್ಳಿ ಎಂದು ಅರ್ಧ ಪರದೆ ಮುಚ್ಚಿತು. ಮೂರನೆಯದರಲ್ಲಿ ಎರಡು ಸಾಲಿನ ನಡುವೆ ಜಾಹೀರಾತಿನ ದೊಡ್ಡ ಕೆಂಪು ಗುಂಡಿ ಬಂತು. ಭಯದಲ್ಲಿರುವವರು ಅದನ್ನೇ ಒತ್ತುತ್ತಾರೆ ಎಂದು ಬಂಗಾರಮ್ಮ ಬೇಡವೆಂದರು. ಬ್ಲಾಗೇ ಬೇಡ, ಎಲ್ಲರೂ ನೋಡುವ ಸೋಷಿಯಲ್ ಮೀಡಿಯಾದಲ್ಲೇ ಒಂದು ಪೇಜು ಮಾಡೋಣ ಎಂದು ಸತೀಶ್ ಸೂಚಿಸಿದರು. ಅಲ್ಲಿ ಹೊಸದು ಕೆಳಗೆ, ಹಳೆಯದು ಮೇಲೆ ಬರುವುದನ್ನು ಕಂಡು ಬಂಗಾರಮ್ಮ ಕುರ್ಚಿಯಿಂದಲೇ ಎದ್ದರು. “ಇದು ಮತ್ತೆ ಭೂತಪ್ಪಣ್ಣನ ಕಥೇನೇ ಆಗ್ತದೆ.” ಹೀಗೆ ಮೂರು ಭಾನುವಾರ ಓಡಾಡಿದ ಮೇಲೆ ಒಂದು ಸಾದಾ ವೇದಿಕೆ ಸಿಕ್ಕಿತು. ಒಡೆದ ಗಾಜಿನ ಫೋನಿನಲ್ಲಿ ಮೂರು ಸೆಕೆಂಡಿಗೆ ತೆರೆಯಿತು.

ಆಮೇಲೆ ಶುರುವಾಗಿದ್ದು ತೆಗೆಯುವ ಕೆಲಸ. “ಎಲ್ಲರೂ ಬ್ಲಾಗಿಗೆ ಏನಾದ್ರೂ ಸೇರಿಸಿ ಅಂತ ಬರ್ತಾರೆ. ಈ ಅಕ್ಕ ಒಬ್ರೇ ಅದು ತೆಗೀರಿ, ಇದು ತೆಗೀರಿ ಅಂತ ಕೂತಿದ್ದು” ಎಂದು ಸತೀಶ್ ಈಗ ನಗುತ್ತಾರೆ. ಮೇಲಿನ ಚಿತ್ರ ಹೋಯಿತು. ಪಕ್ಕದ ಕ್ಯಾಲೆಂಡರು, ‘ನನ್ನ ಬಗ್ಗೆ’ ಎಂಬ ಕಾಲಂ ಹೋದವು. ಮುಖಪುಟದಲ್ಲಿ ಒಂದೇ ಬರಹ, ತೀರಾ ಇತ್ತೀಚಿನದು, ಹಳೆಯದೆಲ್ಲ ಒಳಗಿನ ಬೇರೆ ಪುಟದಲ್ಲಿ. ಮೆಟ್ಟಿಲಿನ ಸಂಖ್ಯೆ ಕನ್ನಡಕ ಇಲ್ಲದವರಿಗೂ ಕಾಣುವಷ್ಟು ದೊಡ್ಡದು. ಹಂಚಿಕೊಳ್ಳುವ ಗುಂಡಿಯನ್ನೂ ತೆಗೆಸಿದರು. ಪುಟದ ಬುಡದಲ್ಲಿ ಎರಡು ಸಾಲು ಮಾತ್ರ ಸೇರಿಸಿದರು: ‘ಸರ್ಕಾರದವರು ಹೊರಡಿ ಅಂದರೆ ಹೊರಡಿ, ನನಗಾಗಿ ಕಾಯಬೇಡಿ. ಇಲ್ಲಿ ಬರೆದದ್ದು ಮೂರು ಗಂಟೆಗಿಂತ ಹಳೆಯದಾದರೆ ನಂಬಬೇಡಿ.’

“ನಿಮ್ಮ ಬ್ಲಾಗನ್ನ ನಂಬಬೇಡಿ ಅಂತ ನೀವೇ ಬರೀತೀರಾ?” ಎಂದು ಸತೀಶ್ ಕೇಳಿದರಂತೆ. “ಬರೀರಿ ಮಾರಾಯ್ರೆ” ಎಂದರಂತೆ ಬಂಗಾರಮ್ಮ.

ಹೋದ ವರ್ಷ ಜೂನಿನಿಂದ ಬ್ಲಾಗು ನಡೆಯಿತು. ವಾರ, ಹೊತ್ತು, ಮೆಟ್ಟಿಲು ಎಲ್ಲವನ್ನೂ ಬಂಗಾರಮ್ಮ ಕೈಯಾರೆ ಬರೆಯುತ್ತಿದ್ದರು. ಒದ್ದೆ ಬೆರಳಿನಲ್ಲಿ ಅಷ್ಟು ಒತ್ತುವುದು ಕಷ್ಟ ಎಂದು ನೋಡಿದ ಸತೀಶ್ ಆಗಸ್ಟಿನ ಒಂದು ಮಂಗಳವಾರ ಒಂದು ಸುಧಾರಣೆ ಮಾಡಿದರು. ಇನ್ನು ವಾರ ಮತ್ತು ಹೊತ್ತು ಬರೆಯಬೇಕಿಲ್ಲ, ಬರಹ ಹಾಕಿದ ಕೂಡಲೇ ತಾನಾಗಿಯೇ ಮೇಲೆ ಬರುತ್ತದೆ. ಸಂಜೆ ಆರೂವರೆಗೆ ಇಬ್ಬರೂ ಪರೀಕ್ಷೆ ಮಾಡಿದರು. ‘ಮಂಗಳವಾರ, 6:00’ ಎಂದು ಬಂತು. ಅರ್ಧ ಗಂಟೆ ಹಿಂದಿದೆಯಲ್ಲ ಎಂದರು ಬಂಗಾರಮ್ಮ. ಸ್ವಲ್ಪ ಹಿಂದುಮುಂದು ಇರುತ್ತದೆ, ನಾಳೆ ನೋಡುತ್ತೇನೆ ಎಂದರು ಸತೀಶ್.

ಮರುದಿನ ಬುಧವಾರ. ಬೆಳಿಗ್ಗೆ ಬಂದು ನೋಡಿದರೆ ಐದೇ ಮೆಟ್ಟಿಲು. ಎಳೆದ ಗೆರೆ ಹತ್ತು ನಿಮಿಷ ಉಳಿಯಲಿಲ್ಲ, ನಾಲ್ಕೇ ನಿಮಿಷಕ್ಕೆ ಹೋಯಿತು. ಆರೂಕಾಲಿಗೆ ಬಂಗಾರಮ್ಮ ಬರೆದರು: ‘ಒಣ ಮೆಟ್ಟಿಲು ಐದು. ಜೋರಾಗಿ ಏರುತ್ತಿದೆ. ಹೊರಡಿ.’ ಬರೆದವರು ಕಟ್ಟೆ ಹತ್ತಿ ತಗ್ಗಿನ ಸಾಲಿನ ಕಡೆ ನೋಡಿದರು. ಹೊತ್ತು ಕಳೆಯಿತು. ಗಂಟು ಕಟ್ಟುವವರಿಲ್ಲ, ಮಕ್ಕಳನ್ನು ಎತ್ತಿಕೊಂಡು ಬರುವವರಿಲ್ಲ. ಒಲೆಯ ಹೊಗೆ ಎಂದಿನಂತೆ ಏಳುತ್ತಿತ್ತು.

ಓಡಿದರು. ಮೊದಲ ಮನೆಯ ಪ್ರಕಾಶ್ ಬಾಗಿಲಲ್ಲಿ ಕನ್ನಡಿ ತೂಗುಹಾಕಿ ಗಡ್ಡ ಕೆರೆದುಕೊಳ್ಳುತ್ತಿದ್ದರು.

“ಬ್ಲಾಗು ನೋಡ್ಲಿಲ್ವಾ ಪ್ರಕಾಶ?”

“ನೋಡ್ದೆ ಅಕ್ಕಾ. ಅದು ನಿನ್ನೆ ಸಂಜೇದಲ್ವಾ? ಮಂಗಳವಾರ, ಐದು ಮುಕ್ಕಾಲು ಅಂತ ಹಾಕಿದೆ. ಹಳೇದನ್ನ ನಂಬಬೇಡಿ ಅಂತ ನೀವೇ ಹೇಳಿದ್ದು.”

ಬಂಗಾರಮ್ಮ ಅವರ ಫೋನು ಕಿತ್ತುಕೊಂಡು ನೋಡಿದರು. ನಿಜ. ಈಗಷ್ಟೇ ಬರೆದದ್ದರ ನೆತ್ತಿಯ ಮೇಲೆ ನಿನ್ನೆಯ ವಾರ ಕೂತಿತ್ತು. ಸಾಲಿನ ಮನೆಮನೆಯಲ್ಲೂ ಜನ ಅದನ್ನು ನೋಡಿದ್ದರು, ಹಳೆಯದೆಂದು ಫೋನು ಕೆಳಗಿಟ್ಟಿದ್ದರು. ಎಚ್ಚರವಾಗಿರಿ ಎಂದು ಅವರಿಗೆ ಕಲಿಸಿದ ಪಾಠವೇ ಅವರನ್ನು ಮನೆಯಲ್ಲಿ ಕೂರಿಸಿತ್ತು.

ಆ ಬೆಳಗನ್ನು ನೆನೆಯುವಾಗ ಈಗಲೂ ಅವರ ಕೈ ಸೆರಗಿನ ತುದಿಯನ್ನು ತಿರುಚುತ್ತದೆ. “ಒಂದು ಸಲ ನನ್ನ ಹಳೇ ಮಾತು ನಂಬಿ ಭೂತಪ್ಪಣ್ಣ ಬಂದ. ಈ ಸಲ ಹೊಸಾ ಮಾತನ್ನ ಹಳೇದು ಅಂದ್ಕೊಂಡು ಮೂವತ್ತೊಂದು ಮನೆ ಕೂತಿದೆ.”

ಸತೀಶ್‌ಗೆ ಫೋನು ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಸ್ನಾನದ ಮನೆಯಿಂದ ಓಡಿಬಂದ ಸತೀಶ್ ಕಂಪ್ಯೂಟರು ಹಾಕಿ, ಸೆಟ್ಟಿಂಗ್ ಹುಡುಕುತ್ತೇನೆ, ಐದು ನಿಮಿಷ ಕೊಡಿ ಎಂದರು. ಬಂಗಾರಮ್ಮನ ಕಣ್ಣು ಮೆಟ್ಟಿಲ ಕಡೆಗಿತ್ತು. ಐದನೆಯದರ ಅಂಚನ್ನು ನೀರು ನೆಕ್ಕುತ್ತಿತ್ತು.

“ಅದು ಆಮೇಲೆ ಹುಡುಕ್ರಿ ಸತೀಶಣ್ಣ. ನಾನೇ ಬರೀತೀನಿ.”

ಬರಹದ ತಲೆಬರಹವನ್ನು ಅಳಿಸಿದರು. ತಪ್ಪಿದ ಅಕ್ಷರ ತಿದ್ದದೆ, ತಾನಾಗಿ ಬಂದ ವಾರದ ಕೆಳಗೇ ದೊಡ್ಡದಾಗಿ ಬರೆದರು: ‘ಮೇಲಿನ ವಾರ ತಪ್ಪು. ಇವತ್ತು ಬುದವಾರ. ಈಗ ಬೆಳಿಗ್ಗೆ ಆರು ನಲವತ್ತು. ನಾನು ಬಂಗಾರಮ್ಮ ಪ್ರಕಾಶನ ಬಾಗಿಲಲ್ಲಿ ನಿಂತು ಬರೀತಾ ಇದೀನಿ. ಹೊರಡಿ.’

ಬರೆದು ಸುಮ್ಮನೆ ನಿಲ್ಲಲಿಲ್ಲ. ಈ ತುದಿಯಿಂದ ಪ್ರಕಾಶ್, ಆ ತುದಿಯಿಂದ ಬಂಗಾರಮ್ಮ ಬಾಗಿಲು ಬಡಿಯುತ್ತ ನಡೆದರು. ಅಷ್ಟರಲ್ಲಿ ಸಾಲಿನ ನಡುಮನೆಯ ಬಾಗಿಲು ತೆರೆದುಕೊಂಡಿತು. ಊರುಗೋಲು ಕಂಕುಳಲ್ಲಿ, ಒಡೆದ ಗಾಜಿನ ಫೋನು ಕೈಯಲ್ಲಿ, ಭೂತಪ್ಪ ಹೊರಗೆ ನಿಂತಿದ್ದರು. ತಲೆಬರಹ ಓದಿಯೇ ಎದ್ದಿದ್ದರು. ಅವರು ದಿಬ್ಬದ ಕಡೆ ಕುಂಟುತ್ತ ನಡೆದಿದ್ದನ್ನು ಕಂಡ ಮೇಲೆ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಎಂಟೂವರೆಗೆ ಮೂವತ್ತೊಂದು ಮನೆಯೂ ಖಾಲಿ. ಮೈಕಿನಲ್ಲಿ ಎಚ್ಚರಿಕೆ ಹೇಳುತ್ತ ಸರ್ಕಾರದವರ ಆಟೊ ಬರುವ ಹೊತ್ತಿಗೆ ಕೇಳಿಸಿಕೊಳ್ಳಲು ಸಾಲಿನಲ್ಲಿ ಯಾರೂ ಉಳಿದಿರಲಿಲ್ಲ. ಒಂಬತ್ತು ದಾಟಿದ ಮೇಲೆ ಪ್ರಕಾಶನ ಕನ್ನಡಿಯ ಮಟ್ಟಕ್ಕೆ ನೀರು ಬಂತು. ಬಂಗಾರಮ್ಮ ಕಟ್ಟೆಯ ಮೇಲೆ ಬಿಟ್ಟಿದ್ದ ಹೋಟೆಲಿನ ಮೇಜುಬಟ್ಟೆಗಳೆಲ್ಲ ಹೊಳೆಯ ಪಾಲಾದವು. ಜನರಲ್ಲಿ ಒಬ್ಬರ ಕೂದಲೂ ಕೊಂಕಲಿಲ್ಲ.

ತಪ್ಪು ಏನೆಂದು ಮಧ್ಯಾಹ್ನ ತಿಳಿಯಿತು. ಬ್ಲಾಗಿನ ಗಡಿಯಾರ ಮೊದಲಿನಿಂದಲೂ ಸಮುದ್ರದಾಚೆಯ ಯಾವುದೋ ದೇಶದ ಹೊತ್ತು ತೋರಿಸುವಂತೆ ಇತ್ತು. ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಬೆಳಿಗ್ಗೆಯೋ ಸಂಜೆಯೋ ಎಂದು ಅದು ತೋರಿಸುತ್ತಿರಲಿಲ್ಲ. ಹಾಗಾಗಿ ಸಂಜೆ ನೋಡಿದರೆ ಅರ್ಧ ಗಂಟೆಯಷ್ಟೇ ವ್ಯತ್ಯಾಸ ಕಂಡಿತ್ತು, ಬೆಳಿಗ್ಗೆ ನೋಡಿದರೆ ದಿನವೇ ಬದಲಾಗಿತ್ತು. ಸತೀಶ್ ಅಂದೇ ಬಸ್ಸು ಹಿಡಿದು ಭದ್ರಾವತಿಗೆ ಬಂದು, ಜನ ಉಳಿದಿದ್ದ ಶಾಲೆಯ ಜಗುಲಿಯಲ್ಲಿ ಬಂಗಾರಮ್ಮನ ಮುಂದೆ ತಲೆ ತಗ್ಗಿಸಿ ಕೂತರು. “ನಾಳೆ ನೋಡ್ತೀನಿ ಅಂದೆ ಅಕ್ಕ. ಅವತ್ತೇ ನೋಡ್ಬೇಕಿತ್ತು” ಎಂದರು. ಊರುಗಳ ಉದ್ದ ಪಟ್ಟಿಯಲ್ಲಿ ನಮ್ಮ ದೇಶದ ಹೊತ್ತು ಎಲ್ಲಿದೆ ಎಂದು ತೋರಿಸಿಕೊಟ್ಟರು.

“ಕೋಲ್ಕತ್ತಾ ಅಂತ ಒತ್ತಬೇಕಂತೆ. ಭದ್ರಾವತಿ ಇರ್ಲಿಲ್ಲ ಅದ್ರಲ್ಲಿ” ಎಂದು ಬಂಗಾರಮ್ಮ ನಗುತ್ತಾರೆ. ಗಡಿಯಾರ ಸರಿಹೋಗಿದ್ದರೂ ತಾನಾಗಿ ಬರುವ ಆ ಸಾಲನ್ನು ಅವರು ತೆಗೆಸಿಬಿಟ್ಟರು. ಅಂದಿನಿಂದ ವಾರ, ಹೊತ್ತು ಎರಡೂ ಅವರ ಬೆರಳಿನದೇ. ಬ್ಲಾಗಿನಲ್ಲೀಗ ಎಂಟುನೂರರ ಹತ್ತಿರ ಬರಹಗಳಿವೆ. ಬೇಸಿಗೆಯಲ್ಲಿ ದಿನಕ್ಕೊಂದು, ಮಳೆಗಾಲದಲ್ಲಿ ನೀರು ಏರಿದ ದಿನ ಐದಾರು. ಮಾಮೂಲು ದಿನ ಮೂವತ್ತು ಜನ ನೋಡುತ್ತಾರೆ. ಆ ಬುಧವಾರ ನಾಲ್ಕು ಸಾವಿರ ಸಲ ಯಾರ್ಯಾರೋ ತೆರೆದು ನೋಡಿದ್ದರು.

ಇತ್ತ ಗುರುವಾರದ ಬೆಳಗು ಮುಂದುವರಿಯುತ್ತಿದೆ. ಏಳು ಗಂಟೆಗೆ ಒಣ ಮೆಟ್ಟಿಲು ಆರು. ತಗ್ಗಿನ ಸಾಲಿನಲ್ಲಿ ಟ್ರಂಕುಗಳು ಅಟ್ಟ ಸೇರುತ್ತಿವೆ, ಪ್ರಕಾಶ್ ಆಡುಗಳನ್ನು ದಿಬ್ಬಕ್ಕೆ ಅಟ್ಟುತ್ತಿದ್ದಾರೆ. ಬಂಗಾರಮ್ಮ ಬಟ್ಟೆ ಕುಕ್ಕುವುದನ್ನು ನಿಲ್ಲಿಸಿದ್ದಾರೆ, ಗೆರೆ ಎಳೆಯುವುದು, ಕಾಯುವುದು, ಬರೆಯುವುದು ಇಷ್ಟೇ ಕೆಲಸ. ಎಂಟಕ್ಕೂ ಆರು. ಒಂಬತ್ತಕ್ಕೆ ಎಳೆದ ಗೆರೆ ನೀರಿಗಿಂತ ಒಂದು ಬೆರಳಿನಷ್ಟು ಮೇಲೆ ಉಳಿಯುತ್ತದೆ. ಇಳಿಯಿತು ಎಂದು ಬರೆಯಲು ಅವರಿಗೆ ಆತುರವಿಲ್ಲ. ಇನ್ನೊಂದು ಗೆರೆ ಎಳೆಯುತ್ತಾರೆ, ಇನ್ನೂ ಹತ್ತು ನಿಮಿಷ, ಮತ್ತೂ ಹತ್ತು ನಿಮಿಷ. ಹತ್ತು ಗಂಟೆಗೆ ಆರನೆಯದರ ಕೆಳಗಿನ ಕಲ್ಲು ಒದ್ದೆಯಾಗಿ ಹೊಳೆಯುತ್ತ ಮೇಲೆದ್ದಾಗ ಬರೆಯುತ್ತಾರೆ: ‘ಇವತ್ತು ಗುರುವಾರ. ಬೆಳಿಗ್ಗೆ ಹತ್ತು ಗಂಟೆ. ಒಣ ಮೆಟ್ಟಿಲು ಆರು. ಏಳನೆಯದು ಕಾಣುತ್ತಿದೆ. ಆದರೂ ಇವತ್ತು ಸಂಜೆವರೆಗೆ ಸಾಮಾನು ಇಳಿಸಬೇಡಿ.’

ಉಸಿರು ಬಿಟ್ಟು ಕಟ್ಟೆಯ ಮೇಲೆ ಕೂತವರನ್ನು, ಇಷ್ಟು ಮಾಡಿದವರಿಗೆ ಏನು ಆಸೆಯಿದೆ ಎಂದು ಕೇಳಿದರೆ ಫೋನನ್ನು ಚೀಲಕ್ಕೆ ಹಾಕುತ್ತಾರೆ. ಹೊಸಮನೆ ಬಡಾವಣೆಯಲ್ಲಿ ತಂಗಿ ಇದ್ದಾಳೆ, ಎರಡು ಮಳೆಗಾಲದಿಂದ ಅವಳ ಮನೆಗೆ ಹೋಗಿಲ್ಲ ಎನ್ನುತ್ತಾರೆ. ಈಚೆಗೆ ಪ್ರಕಾಶನ ಹೆಂಡತಿ ಮೇಧಾ ಗೆರೆ ಎಳೆದು ಕಾಯುವುದನ್ನು ಕಲಿಯುತ್ತಿದ್ದಾಳಂತೆ, ಆತುರ ಸ್ವಲ್ಪ ಜಾಸ್ತಿಯಂತೆ, ಸರಿಹೋಗುತ್ತಾಳಂತೆ.

“ಒಂದು ಸಲ ನಾನು ತಂಗಿ ಮನೇಲಿ ಕೂತಿರ್ಬೇಕು” ಎನ್ನುತ್ತಾರೆ ಬಂಗಾರಮ್ಮ. “ಕೈಯಲ್ಲಿ ಕಾಫಿ ಇರ್ಬೇಕು. ಇಲ್ಲಿ ಹೊಳೆ ಎಷ್ಟಿದೆ ಅಂತ ಮೇಧಾ ಬರೆದಿದ್ದನ್ನ ನಾನು ಫೋನ್ ತೆಗೆದು ಓದ್ಬೇಕು. ಬರೆಯೋರ ಕಷ್ಟ ನಂಗೆ ಗೊತ್ತಾಯ್ತು. ಓದೋರಿಗೆ ಹೆಂಗಿರುತ್ತೆ ಅಂತ ಒಂದು ಸಲ ನೋಡ್ಬೇಕು.”